ಒಂದು ಸಾಲು ಹಿಡಿದು ಒಂದು ಕೃತಿ ಓದುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

'ಈ ಕೆಳಗಿನ ಮಾತಿನ ಬೆಳಕಿನಲ್ಲಿ ನೀವು ಓದಿದ ಒಂದು ಕೃತಿಯನ್ನು ವಿಮರ್ಶಿಸಿ.' ಎಂ.ಎ. ಪರೀಕ್ಷೆಯಲ್ಲಿ, ಐಚ್ಛಿಕ ಕನ್ನಡ ತೆಗೆದುಕೊಂಡವರ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ, ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ಈ ತರಹದ ಪ್ರಶ್ನೆ ಬರುತ್ತದೆ. ನೋಡಲು ಸುಲಭ. ಬರೆಯಲು ಕೂತರೆ ಕೈ ಓಡುವುದಿಲ್ಲ. ಕಲಬುರಗಿಯಲ್ಲಿ ನನ್ನ ಹತ್ತಿರ ಓದುವ ಹುಡುಗ ಹುಡುಗಿಯರು ಆಳಂದ, ಜೇವರ್ಗಿ, ಸುರಪುರ, ಭಾಲ್ಕಿ ಕಡೆಯವರು. ಕಥೆ ಕಾದಂಬರಿ ಚೆನ್ನಾಗಿ ಓದಿರುತ್ತಾರೆ. ಆದರೂ ಈ ಪ್ರಶ್ನೆ ಕಂಡರೆ, 'ಏನ್ ಬರೀಬೇಕ್ರಿ ಸರ, ಮಾತಿನ ಬಗ್ಗೆನೋ ಕೃತಿ ಬಗ್ಗೆನೋ?' ಅಂತ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು.

ಈ ಗೊಂದಲ ಶುರುವಾಗುವುದು ಶಾಲೆಯಲ್ಲಿ. 'ಸಂದರ್ಭದೊಡನೆ ವಿವರಿಸಿ' ಎಂಬ ಪ್ರಶ್ನೆಗೆ ನಾವೆಲ್ಲ ಉತ್ತರ ಬರೆದವರೇ. ಆಯ್ಕೆ, ಸಂದರ್ಭ, ಸ್ವಾರಸ್ಯ. ಈ ಮೂರು ಬರೆದರೆ ಅಂಕ ಬಂತು. ಅಲ್ಲಿ ಮಾತು ಪಾಠದ ಒಳಗಿನದೇ. ಯಾರು ಯಾರಿಗೆ ಹೇಳಿದರು ಅಂತ ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು. ಈಗಿನ ಪ್ರಶ್ನೆಯಲ್ಲಿ ಮಾತು ಒಂದು ಕಡೆಯದು, ಕೃತಿ ಇನ್ನೊಂದು ಕಡೆಯದು. ಎರಡನ್ನೂ ಎದುರುಬದುರು ಕೂಡಿಸುವ ಕೆಲಸ ನಿಮ್ಮದು. ಹಳೆಯ ರೂಢಿಯಲ್ಲೇ ಬರೆದರೆ ಮೊದಲ ಪುಟದಲ್ಲಿ ಮಾತಿನ ಅರ್ಥ, ಆಮೇಲೆ ಎರಡು ಪುಟ ಕಥೆಯ ಸಾರಾಂಶ, ಕೊನೆಗೆ 'ಹೀಗೆ ಈ ಮಾತು ಈ ಕೃತಿಗೆ ಅಕ್ಷರಶಃ ಅನ್ವಯಿಸುತ್ತದೆ' ಎಂಬ ಒಂದು ವಾಕ್ಯ ಬರುತ್ತದೆ. ಈ ವಾಕ್ಯ ಕಂಡರೆ ನನಗೆ ಸಂಕಟ ಆಗುತ್ತದೆ. ಅಷ್ಟೊಂದು ಓದಿದ ಹುಡುಗಿ ತನ್ನ ಓದನ್ನೇ ಪಕ್ಕಕ್ಕಿಟ್ಟು ಬರೆದಿರುತ್ತಾಳೆ.

ನನ್ನ ನಂಬಿಕೆ ಇಷ್ಟು. ಹೊರಗಿನಿಂದ ತಂದ ಸಾಲು ಕೃತಿಗೆ ಒಂದು ಪ್ರಶ್ನೆ ಹಾಕಬೇಕು. ಕೃತಿ ಒಂದಷ್ಟು ದೂರ ಹೌದು ಅನ್ನಬೇಕು, ಆಮೇಲೆ ಎಲ್ಲೋ ಒಂದು ಕಡೆ 'ಇಲ್ಲ, ನಿನ್ನ ಮಾತು ಇಲ್ಲಿಗೆ ಸಾಲದು' ಅನ್ನಬೇಕು. ಆ ಜಾಗವನ್ನು ಹುಡುಕಿದವರದೇ ಒಳ್ಳೆಯ ವಿಮರ್ಶೆ.

ಬರೀ ಸೂತ್ರ ಹೇಳಿದರೆ ತಲೆಗೆ ಹತ್ತುವುದಿಲ್ಲ. ಅದಕ್ಕೇ ಒಂದು ಜೋಡಿ ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ಹಿಡಿದು ಹೋಗೋಣ. ಸಾಲು ನಮ್ಮ ಸೀಮೆಯದು. ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನ ನೇಕಾರ ವಚನಕಾರ ಜೇಡರ ದಾಸಿಮಯ್ಯನದು:

ಒಡಲುಗೊಂಡವ ಹಸಿವ
ಒಡಲುಗೊಂಡವ ಹುಸಿವ
ಒಡಲುಗೊಂಡವನೆಂದು ನೀನೆನ್ನ ಜರಿದೊಮ್ಮೆ ನುಡಿಯದಿರಾ
ನೀನೆನ್ನಂತೆ ಒಮ್ಮೆ ಒಡಲುಗೊಂಡು ನೋಡಾ ರಾಮನಾಥ

ಕೃತಿ ರಾಜ್ಯದ ಇನ್ನೊಂದು ತುದಿಯದು. ನಂಜನಗೂಡು ತಾಲ್ಲೂಕಿನ ದೇವನೂರು ಮಹಾದೇವ ಅವರ 'ಒಡಲಾಳ'. ಸಾಕವ್ವ ಎಂಬ ಮುದುಕಿ, ಅವಳ ಕಳೆದುಹೋದ ಹುಂಜ, ಹಸಿದ ದೊಡ್ಡ ಸಂಸಾರ. ಸಾಹುಕಾರನ ಕಡಲೆಕಾಯಿ ಮೂಟೆ ಆ ಮನೆಗೆ ಬರುತ್ತದೆ. ಕಡಲೆಕಾಯಿ ಅಂದರೆ ನಮ್ಮ ಕಡೆಯ ಶೇಂಗಾ. ರಾತ್ರಿಯೆಲ್ಲ ಮನೆಮಂದಿ ಒಟ್ಟಿಗೆ ಕೂತು ತಿನ್ನುತ್ತಾರೆ. ಆಮೇಲೆ ಪೊಲೀಸರು ಬಂದು ಮನೆ ತಡಕಾಡುತ್ತಾರೆ. ಕಥೆ ದೊಡ್ಡದಲ್ಲ, ಒಂದೆರಡು ಕೂರುವಿಕೆಯಲ್ಲಿ ಓದಿ ಮುಗಿಸಬಹುದು. ಓದದೇ ಇದ್ದರೆ ಈ ಮಾರ್ಗದರ್ಶಿಯನ್ನು ಇಲ್ಲಿಗೇ ನಿಲ್ಲಿಸಿ, ಅದನ್ನು ಓದಿ ಬನ್ನಿ. ನಿಜವಾಗಿ ಹೇಳುತ್ತಿದ್ದೇನೆ.

ಹಂತ 1: ಸಾಲಿನ ಮೂಲ ನೋಡಿ, ಪೂರ್ತಿ ಓದಿ

ನಮ್ಮ ಕಡೆ ವಚನದ ಸಾಲುಗಳಿಗೆ ಬರವಿಲ್ಲ. ಗೋಡೆ ಮೇಲೆ, ಆಟೋ ಹಿಂದೆ, ಮದುವೆ ಕಾರ್ಡಿನ ತಲೆಗೆ, ಎಲ್ಲೆಲ್ಲೂ ಇವೆ. ಅವುಗಳನ್ನು ಹಾಗೇ ಎತ್ತಿಕೊಂಡು ಬರೆಯಬೇಡಿ.

'ಕಾಯಕವೇ ಕೈಲಾಸ' ತಗೊಳ್ಳಿ. ಕೇಳಿದರೆ ಹೆಚ್ಚಿನವರು ಬಸವಣ್ಣನ ಮಾತು ಅನ್ನುತ್ತಾರೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅಲ್ಲಿ ಅದು ಒಂಟಿಯಾಗಿ ನಿಂತಿಲ್ಲ. 'ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು, ಜಂಗಮ ಮುಂದೆ ನಿಂದಿದ್ದಡೂ ಹಂಗ ಹರಿಯಬೇಕು' ಅಂದ ಮೇಲೆ ಆ ಮಾತು ಬರುತ್ತದೆ. ಗುರು, ಲಿಂಗ, ಜಂಗಮ ಮೂರನ್ನೂ ಕೆಲಸದ ಹೊತ್ತಿನಲ್ಲಿ ಬದಿಗಿಡು ಅನ್ನುವ ಧೈರ್ಯದ ಮಾತದು. ಗೋಡೆ ಮೇಲಿನ ಎರಡು ಪದದಲ್ಲಿ ಆ ಧೈರ್ಯ ಉಳಿದಿಲ್ಲ, 'ಚೆನ್ನಾಗಿ ಕೆಲಸ ಮಾಡು' ಎಂಬ ಬುದ್ಧಿಮಾತು ಮಾತ್ರ ಉಳಿದಿದೆ. ಬುದ್ಧಿಮಾತು ಹಿಡಿದು ಕಾದಂಬರಿ ಓದಿದರೆ ಸಿಗುವುದೂ ಬುದ್ಧಿಮಾತೇ. ಪೂರ್ತಿ ವಚನ ಹಿಡಿದು ಓದಿದರೆ, 'ಈ ಪಾತ್ರ ತನ್ನ ದುಡಿಮೆಯ ಮುಂದೆ ಯಾರ ಹಂಗನ್ನು ಹರಿದುಕೊಳ್ಳುತ್ತದೆ, ಯಾರ ಹಂಗನ್ನು ಹರಿಯಲಾಗದೆ ಸೋಲುತ್ತದೆ?' ಎಂಬ ಹರಿತವಾದ ಪ್ರಶ್ನೆ ಸಿಗುತ್ತದೆ.

ಇನ್ನೊಂದು ಉದಾಹರಣೆ ಮಳಖೇಡದ್ದು. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದ 'ಕವಿರಾಜಮಾರ್ಗ' ಹುಟ್ಟಿದ್ದು ನೃಪತುಂಗನ ಆ ಆಸ್ಥಾನದಲ್ಲಿ. 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಎಂಬ ಅದರ ಮಾತನ್ನು ಓದು ಬರಹ ಇಲ್ಲದ ಜಾನಪದ ಕವಿಗಳನ್ನು ಹೊಗಳಲು ಬಳಸುತ್ತೇವೆ. ತಪ್ಪೇನಿಲ್ಲ. ಆದರೆ ಅದೇ ಪದ್ಯದ ಮೊದಲ ಅರ್ಧ ನೋಡಿ: 'ಪದನರಿದು ನುಡಿಯಲುಂ ನುಡಿದುದನರಿದಾರಯಲುಮಾರ್ಪರಾ ನಾಡವರ್ಗಳ್.' ಹದ ಅರಿತು ಮಾತಾಡುವವರು ಮಾತ್ರ ಅಲ್ಲ, ಇನ್ನೊಬ್ಬರು ಆಡಿದ್ದನ್ನು ಅರಿತು ತೂಗಬಲ್ಲವರು ಕೂಡ. ಅಂದರೆ ಇಲ್ಲಿ ಕೇಳುಗರಿಗೂ ಪಾಲಿದೆ. ಜೇವರ್ಗಿ ಕಡೆಯ ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನು ಈ ಪೂರ್ತಿ ಪದ್ಯ ಇಟ್ಟುಕೊಂಡು ಓದಿ. ಹಾಡಿದವನ ಪ್ರತಿಭೆಯ ಜೊತೆಗೆ, ಒಗಟಿನಂತಹ ಆ ಪದಗಳನ್ನು ರಾತ್ರಿಯಿಡೀ ಕೂತು ಕೇಳಿ ಬಿಡಿಸಿಕೊಂಡ ಹಳ್ಳಿಯವರ ಜಾಣತನವೂ ಕಾಣುತ್ತದೆ. ಅರ್ಧ ಪದ್ಯ ಹಿಡಿದಿದ್ದರೆ ಇದು ಕಾಣುತ್ತಿರಲಿಲ್ಲ.

ವಚನದ ಮೂಲ ನೋಡಲು ಕರ್ನಾಟಕ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಂಪುಟ ಇದೆ. ಜಿಲ್ಲಾ ಗ್ರಂಥಾಲಯದಲ್ಲಿ, ಕಾಲೇಜು ಗ್ರಂಥಾಲಯದಲ್ಲಿ ಕೇಳಿ ನೋಡಿ. ಪದ ಹಾಕಿ ಹುಡುಕಲು 'ವಚನ ಸಂಚಯ' ಎಂಬ ಜಾಲತಾಣ ಇದೆ. ಒಂದು ಮುದ್ರಣದಿಂದ ಇನ್ನೊಂದಕ್ಕೆ ಅಕ್ಷರಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ದಾಸಿಮಯ್ಯನ ಈ ವಚನದಲ್ಲೂ ಇದೆ. ಯಾವುದಾದರೂ ಒಂದು ಪಾಠ ಹಿಡಿದು ಕೊನೆವರೆಗೂ ಅದನ್ನೇ ಬಳಸಿ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೇ ಇಬ್ಬರೇ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ನಿಮ್ಮ ಪ್ರಬಂಧಕ್ಕೆ ಅದು ಬೇಡ.

ಹಂತ 2: ಸಾಲನ್ನು ಬಿಡಿಸಿ, ಪ್ರಶ್ನೆಯಾಗಿ ಮಾಡಿ

ಈಗ ಪುಸ್ತಕ ಮುಚ್ಚಿ. ಸಾಲನ್ನು ನಿಮ್ಮ ಮನೆಮಾತಿನಲ್ಲಿ ಒಮ್ಮೆ ಹೇಳಿಕೊಳ್ಳಿ. 'ಮೈ ಅಂತ ಇದ್ದ ಮೇಲೆ ಹಸಿವಾಗ್ತದ, ಮೈ ಅಂತ ಇದ್ದ ಮೇಲೆ ಸುಳ್ಳೂ ಬರ್ತದ. ಅದಕ್ಕ ನನ್ನ ಬೈಬ್ಯಾಡ. ನೀನೂ ಒಂದ್ಸಲ ನನ್ನಂಗ ಮೈ ತಗೊಂಡು ನೋಡು.' ಹೀಗೆ ಹೇಳಿಕೊಂಡಾಗಲೇ ಮಾತಿನ ಧಾಟಿ ಹಿಡಿತಕ್ಕೆ ಬರುತ್ತದೆ. ಪ್ರಾರ್ಥನೆಯ ಹಾಗೆ ಶುರುವಾಗಿ ಸವಾಲಿನ ಹಾಗೆ ಮುಗಿಯುತ್ತದೆ.

ಆಮೇಲೆ ಕಾಗದದ ಮೇಲೆ ಬಿಡಿಸಿ. ಯಾರು ಯಾರಿಗೆ ಹೇಳುತ್ತಿದ್ದಾರೆ? ಒಡಲಿರುವವನು ಒಡಲಿಲ್ಲದವನಿಗೆ, ಅಂದರೆ ರಾಮನಾಥ ಅಂತ ಕರೆಯುವ ತನ್ನ ದೇವರಿಗೆ. ಏನು ಹೇಳುತ್ತಿದ್ದಾರೆ? ಹಸಿವೂ ಸುಳ್ಳೂ ಒಂದೇ ಬೇರಿನವು ಅಂತ. ಹಸಿವ, ಹುಸಿವ. ಎರಡು ಸಾಲಿನ ನಡುವೆ ಇರುವುದು ಒಂದು ಕೊಂಬಿನ ವ್ಯತ್ಯಾಸ. ವಚನಕಾರ ಹಸಿವಿಗೆ ಕರುಣೆ, ಸುಳ್ಳಿಗೆ ಶಿಕ್ಷೆ ಅಂತ ಬೇರೆ ಮಾಡಿಲ್ಲ. ಏನು ಬೇಡುತ್ತಿದ್ದಾರೆ? ಜರಿಯಬೇಡ ಅಂತ. ತೀರ್ಪು ಕೊಡುವ ಹಕ್ಕು ಯಾರಿಗಿದೆ ಅನ್ನುವುದೇ ಇಲ್ಲಿನ ಒಳಗಿನ ಜಗಳ. ಏನನ್ನು ನಂಬಿದ್ದಾರೆ? ಕೇಳುವವನು ಒಮ್ಮೆ ಮೈ ತಾಳಿದರೆ ಅವನಿಗೂ ಅರ್ಥ ಆಗುತ್ತದೆ ಅಂತ. ಈ ಕೊನೆಯದನ್ನು ನೆನಪಿಡಿ. ಮಾತು ಬಾಯಿಬಿಟ್ಟು ಹೇಳದೆ ನಂಬಿಕೊಂಡಿರುವ ಸಂಗತಿಯೇ ಮುಂದೆ ನಮಗೆ ಜಾಸ್ತಿ ಉಪಯೋಗಕ್ಕೆ ಬರುವುದು.

ಬಿಡಿಸಿದ್ದನ್ನು ಪ್ರಶ್ನೆಗಳಾಗಿ ಬರೆದುಕೊಳ್ಳಿ. ಈ ಕೃತಿಯಲ್ಲಿ ಒಡಲಿರುವವರು ಯಾರು, ಒಡಲಿಲ್ಲದ ಹಾಗೆ ಮೇಲೆ ನಿಂತು ಜರಿಯುವವರು ಯಾರು? ಹಸಿವಿನಿಂದ ಸುಳ್ಳು ಹುಟ್ಟುವುದು ಎಲ್ಲಿ? ಆ ಸುಳ್ಳನ್ನು ಕೃತಿ ಹೇಗೆ ನೋಡುತ್ತದೆ? ಯಾರಾದರೂ ಯಾರಿಗಾದರೂ 'ನನ್ನ ಜಾಗದಲ್ಲಿ ನಿಂತು ನೋಡು' ಅನ್ನುತ್ತಾರಾ? ಅಂದರೆ, ಕೇಳುವವರು ನಿಲ್ಲುತ್ತಾರಾ? ಈ ಪ್ರಶ್ನೆಗಳನ್ನು ಬರೆಯದೆ ಮುಂದಿನ ಹಂತಕ್ಕೆ ಹೋಗಬೇಡಿ. ಪರೀಕ್ಷೆಯ ಹಾಲ್‌ನಲ್ಲೂ ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ಹಂತ 3: ಸರಿಯಾದ ಕೃತಿ ಆರಿಸಿಕೊಳ್ಳಿ

ಕೃತಿ ಅವರೇ ಕೊಟ್ಟಿದ್ದರೆ ಈ ಹಂತ ಬಿಡಿ. ನಿಮ್ಮ ಆಯ್ಕೆಗೆ ಬಿಟ್ಟಿದ್ದರೆ ಒಂದೇ ಮಾತು ನೆನಪಿರಲಿ: ಸಾಲಿಗೆ ತೀರಾ ಹತ್ತಿರದ ಕೃತಿ ಅಪಾಯ.

ಬಸವಣ್ಣನ 'ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವನೆಂತೊಲಿವನಯ್ಯಾ' ಎಂಬ ಸಾಲು ಕೊಟ್ಟರೆ ನಮ್ಮ ಹುಡುಗರಿಗೆ ತಕ್ಷಣ ಹೊಳೆಯುವುದು ಗಿರೀಶ ಕಾರ್ನಾಡರ 'ತಲೆದಂಡ'. ಕಲ್ಯಾಣದ ಕಥೆ, ಬಸವಕಲ್ಯಾಣ ಬೀದರ ಜಿಲ್ಲೆಯಲ್ಲೇ ಇದೆ, ಬಸವಣ್ಣನೇ ಪಾತ್ರ. ಸಲೀಸು ಅನಿಸುತ್ತದೆ ಅಲ್ವಾ? ಆದರೆ ಬರೆದಾಗ ಅದು ಬಸವಣ್ಣನ ಗುಣಗಾನ ಆಗಿಬಿಡುತ್ತದೆ. ನಾಟಕ ಕಣ್ಣಿಗೆ ಬೀಳುವುದೇ ಇಲ್ಲ.

ಈ ಜೋಡಿಯನ್ನೇ ಹಿಡಿಯಬೇಕು ಅನಿಸಿದರೆ ಬಸವಣ್ಣನಿಂದ ಸ್ವಲ್ಪ ಪಕ್ಕಕ್ಕೆ ಸರಿದು ನೋಡಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಅಂದಾಗ ಶರಣರು ನುಡಿದಂತೆ ನಡೆದರು. ಹಾಗೆ ನಡೆದದ್ದಕ್ಕೆ ಹರಳಯ್ಯ, ಮಧುವರಸ ಇಬ್ಬರೂ ಪ್ರಾಣ ಕೊಟ್ಟರು. ನುಡಿದಂತೆ ನಡೆಯಬೇಕು ಎಂಬ ಮಾತು ಒಬ್ಬ ಮನುಷ್ಯನ ಪ್ರಾಮಾಣಿಕತೆಯ ಮಾತು. ನಾಟಕ ಕೇಳುವುದು ಬೇರೆ: ಒಂದು ಗುಂಪು ನುಡಿದಂತೆ ನಡೆದಾಗ ಬೆಲೆ ತೆರುವವರು ಯಾರು? ಆ ಗುಂಪಿನಲ್ಲೇ ಇದ್ದ ಜಗದೇವ ಕೊನೆಗೆ ಬಿಜ್ಜಳನನ್ನು ಕೊಲ್ಲುತ್ತಾನೆ. ಅದು ಯಾವ ನುಡಿಯೊಳಗಿನ ನಡೆ? ಇಲ್ಲಿಂದ ಶುರು ಮಾಡಿದರೆ ಹತ್ತಿರದ ಕೃತಿಯೂ ದಕ್ಕುತ್ತದೆ.

ದೂರದ ಜೋಡಿಯಲ್ಲಿ ಈ ತೊಂದರೆ ಇಲ್ಲ. ದಾಸಿಮಯ್ಯನಿಗೂ ಸಾಕವ್ವನಿಗೂ ನಡುವೆ ನೂರಾರು ವರ್ಷ ಇದೆ, ಇಡೀ ಕರ್ನಾಟಕದ ಉದ್ದ ಇದೆ. ಇಬ್ಬರೂ ಎಲ್ಲಿ ಒಂದಾಗುತ್ತಾರೆ ಅನ್ನುವುದನ್ನು ನೀವೇ ತೋರಿಸಬೇಕಾಗುತ್ತದೆ. ಅದೇ ಲಾಭ. ಒಡಲು ಎಂಬ ಪದ ಎರಡು ಕಡೆ ಇದೆ ಅಂತ ಜೋಡಿಸಿದೆ ಅಂದುಕೊಳ್ಳಬೇಡಿ. ಪದ ಹೊಂದಿದರೆ ಸಾಕು ಅಂತ ಹೊರಟವರು ಎರಡನೇ ಪುಟಕ್ಕೇ ನಿಂತುಬಿಡುತ್ತಾರೆ.

ಹಂತ 4: ಸಾಲನ್ನು ಪಕ್ಕದಲ್ಲಿಟ್ಟು ಎರಡನೇ ಸಲ ಓದಿ

ಮೊದಲ ಓದು ಸುಮ್ನೆ ಓದು. ಸಾಲನ್ನು ಮರೆತು ಓದಿ. 'ಒಡಲಾಳ'ದ ಆಡುಮಾತು ನಮ್ಮ ಕಡೆಯವರಿಗೆ ಮೊದಲು ತೊಡಕು ಅನಿಸುತ್ತದೆ. ಕಣ್ಣಲ್ಲಿ ಓದಿದರೆ ಅಡಚಣೆ, ದನಿ ತೆಗೆದು ಓದಿದರೆ ತಾನೇ ಬಿಡಿಸಿಕೊಳ್ಳುತ್ತದೆ. ನಮ್ಮ ತರಗತಿಯಲ್ಲಿ ಒಬ್ಬೊಬ್ಬರು ಒಂದೊಂದು ಪುಟ ಗಟ್ಟಿಯಾಗಿ ಓದುತ್ತೇವೆ. ಸುರಪುರದ ಹುಡುಗಿಯ ಬಾಯಲ್ಲಿ ಸಾಕವ್ವನ ಬೈಗುಳ ಕೇಳುವುದೇ ಒಂದು ಖುಷಿ.

ಎರಡನೇ ಓದಿಗೆ ಪೆನ್ಸಿಲ್ ಹಿಡಿಯಿರಿ. ಸಾಲು ಹೌದು ಅನ್ನುವ ಕಡೆ ಅಂಚಿನಲ್ಲಿ ಒಂದು ಗೆರೆ. ಸಾಲಿಗೆ ಎದುರು ಹೋಗುವ ಕಡೆ ಒಂದು ಕತ್ತರಿ ಗುರುತು. ಸಾಲಿಗೆ ಸಂಬಂಧವೇ ಇಲ್ಲದೆಯೂ ನಿಮ್ಮನ್ನು ಹಿಡಿದು ನಿಲ್ಲಿಸುವ ಕಡೆ ಒಂದು ಸೊನ್ನೆ. ಹೆಚ್ಚಿನವರು ಗೆರೆ ಮಾತ್ರ ಹಾಕುತ್ತಾರೆ. ನೀವು ಕತ್ತರಿ ಮತ್ತು ಸೊನ್ನೆಯ ಕಡೆ ಹೆಚ್ಚು ಗಮನ ಕೊಡಿ.

'ಒಡಲಾಳ'ದಲ್ಲಿ ಗೆರೆ ಬೀಳುವ ಕಡೆಗಳು ಸುಲಭ. ಹಸಿದ ಮನೆ. ಕದ್ದ ಕಡಲೆಕಾಯಿ. ಕದ್ದಿಲ್ಲ ಅನ್ನುವ ಬಾಯಿ. ಒಡಲುಗೊಂಡವ ಹಸಿವ, ಒಡಲುಗೊಂಡವ ಹುಸಿವ. ವಚನದ ಎರಡು ಸಾಲು ಒಂದು ರಾತ್ರಿ, ಒಂದು ಬೆಳಗು ಆಗಿ ಬಿಚ್ಚಿಕೊಂಡ ಹಾಗಿದೆ.

ಕತ್ತರಿ ಗುರುತು ಎಲ್ಲಿ? ನನ್ನ ಪ್ರಕಾರ, ಆ ರಾತ್ರಿಯ ಸಂತೋಷದಲ್ಲಿ. ವಚನದ ಹಸಿವು ಒಬ್ಬನದು. ಅದರಲ್ಲಿ ಅಳಲು ಇದೆ. ಈ ಮನೆಯ ರಾತ್ರಿಯಲ್ಲಿ ಎಲ್ಲರೂ ಒಟ್ಟಿಗೆ ಇದ್ದಾರೆ, ಬೆಂಕಿ ಇದೆ, ಮಾತಿದೆ, ನಗು ಇದೆ. ಒಡಲು ಅಂದರೆ ಹಸಿವು ಮತ್ತು ಸುಳ್ಳು ಅಷ್ಟೇನಾ ಅಂತ ಆ ರಾತ್ರಿ ದಾಸಿಮಯ್ಯನನ್ನೇ ಕೇಳುತ್ತದೆ.

ಸೊನ್ನೆ ಎಲ್ಲಿ? ಗೋಡೆಯ ಮೇಲೆ. ಆ ಮನೆಯ ಪುಟ್ಟಗೌರಿ ಗೋಡೆ ಮೇಲೆ ನವಿಲು ಬಿಡಿಸುತ್ತಾಳೆ. ಹಸಿವಿನ ಕಥೆಯಲ್ಲಿ ನವಿಲಿಗೆ ಏನು ಕೆಲಸ? ಸಾಲು ಹಿಡಿದು ಓದುವವರು ಇದನ್ನು ದಾಟಿ ಹೋಗುತ್ತಾರೆ, ಏಕೆಂದರೆ ಸಾಲಿನಲ್ಲಿ ಇದಕ್ಕೆ ಜಾಗವಿಲ್ಲ. ದಾಟಬೇಡಿ. ನಿಮ್ಮ ಪ್ರಬಂಧದ ಅತ್ಯುತ್ತಮ ಪ್ಯಾರಾ ಅಲ್ಲೇ ಇದೆ.

ಹಂತ 5: ಒಂದು ನಿಲುವು ಕಟ್ಟಿ

ಈಗ ಒಂದೇ ವಾಕ್ಯದಲ್ಲಿ ನಿಮ್ಮ ನಿಲುವು ಬರೆಯಿರಿ. ಎರಡು ವಾಕ್ಯ ಆದರೂ ಪರವಾಗಿಲ್ಲ. ಅದರಲ್ಲಿ ಸಾಲೂ ಇರಬೇಕು, ಕೃತಿಯೂ ಇರಬೇಕು, 'ಆದರೆ' ಎಂಬ ಪದವೂ ಇರಬೇಕು.

'ದಾಸಿಮಯ್ಯ ಹೇಳಿದ ಹಸಿವು ಒಡಲಾಳದಲ್ಲೂ ಕಂಡುಬರುತ್ತದೆ.' ಇದು ನಿಲುವಲ್ಲ. ಯಾರೂ ಇಲ್ಲ ಅನ್ನಲಾರದ ಮಾತನ್ನು ಸಾಬೀತು ಮಾಡಲು ಪುಟಗಳು ಬೇಕಿಲ್ಲ.

'ದಾಸಿಮಯ್ಯನ ವಚನ ಮತ್ತು ಒಡಲಾಳ ಎರಡೂ ಹಸಿದವರನ್ನು ಜರಿಯುವ ಹಕ್ಕು ಯಾರಿಗೂ ಇಲ್ಲ ಅನ್ನುತ್ತವೆ.' ಪರವಾಗಿಲ್ಲ. ಜರಿಯುವ ಹಕ್ಕು ಎಂಬ ಅಂಶ ಸಿಕ್ಕಿತು. ಆದರೂ ಎರಡು ಕೃತಿಗಳು ಒಂದನ್ನೊಂದು ನೋಡಿ ತಲೆದೂಗುತ್ತಿವೆ ಅಷ್ಟೇ.

'ದಾಸಿಮಯ್ಯ ತನ್ನನ್ನು ಜರಿಯುವವನನ್ನು ಒಡಲಿಗೆ ಇಳಿದು ಬಾ ಅಂತ ಕರೆಯುತ್ತಾನೆ. ಸಾಕವ್ವನ ಮನೆಗೆ ಜರಿಯುವವರು ಕರೆಯದೇ ಬರುತ್ತಾರೆ, ಆದರೆ ಒಡಲಿಗೆ ಇಳಿಯುವುದಿಲ್ಲ. ಹಾಗಾಗಿ ಒಡಲಾಳ ಅವರನ್ನು ಬಿಟ್ಟು ಓದುಗರನ್ನು ಒಳಗೆ ಕರೆಯುತ್ತದೆ.' ಇದರ ಮೇಲೆ ಜಗಳ ಆಡಬಹುದು. ಹೌದೇ ಅಂತ ಕೇಳಬಹುದು. ಇದನ್ನು ತೋರಿಸಲು ಪುರಾವೆ ಬೇಕಾಗುತ್ತದೆ. ನಿಲುವು ಹೀಗಿರಬೇಕು.

ಇಂಥ ವಾಕ್ಯ ಒಂದೇ ಏಟಿಗೆ ಬರುವುದಿಲ್ಲ. ನಾಲ್ಕಾರು ಸಲ ಬರೆದು ಹೊಡೆದುಹಾಕಿ. ಇನ್ನೂ ಬರಲಿಲ್ಲ ಅಂದರೆ ಹಂತ 2ರಲ್ಲಿ ಬರೆದ ಪ್ರಶ್ನೆಗಳಿಗೆ ವಾಪಸ್ ಹೋಗಿ. ಹೆಚ್ಚಿನ ಸಲ ತೊಂದರೆ ಅಲ್ಲಿಯೇ ಇರುತ್ತದೆ.

ಹಂತ 6: ಪ್ಯಾರಾ ಕಟ್ಟುವುದು

ಪ್ರತಿ ಪ್ಯಾರಾದಲ್ಲೂ ಮೂರು ಕೆಲಸ ಆಗಬೇಕು. ಸಾಲಿನ ಒಂದು ತುಣುಕು ಎತ್ತಿಕೊಳ್ಳಬೇಕು. ಕೃತಿಯ ಒಂದು ನಿರ್ದಿಷ್ಟ ಜಾಗ ತೋರಿಸಬೇಕು. ಎರಡೂ ಸೇರಿದಾಗ ಹೊಸದಾಗಿ ಏನು ಕಂಡಿತು ಅಂತ ಹೇಳಬೇಕು. ಮೂರನೆಯದು ಬಿಟ್ಟುಹೋದರೆ ಅದು ಸಾರಾಂಶ.

ಒಂದು ಮಾದರಿ ಬರೆದು ತೋರಿಸುತ್ತೇನೆ:

'ವಚನದ ಕೊನೆಯ ಸಾಲಿನಲ್ಲಿ "ಒಮ್ಮೆ" ಎಂಬ ಸಣ್ಣ ಮಾತಿದೆ. ದೇವರಿಗೆ ದಾಸಿಮಯ್ಯ ಕೊಡುವ ರಿಯಾಯಿತಿ ಅದು. ಜನ್ಮಪೂರ್ತಿ ಬೇಡ, ಒಂದು ಸಲ ಮೈ ತಾಳಿ ನೋಡು ಸಾಕು. ಸಾಕವ್ವನ ಮನೆಯವರಿಗೆ ಇಂಥ "ಒಮ್ಮೆ" ಇಲ್ಲ. ಅವರಿಗೆ ನಿನ್ನೆಯೂ ಹಸಿವು, ನಾಳೆಯೂ ಹಸಿವು. ಅವರಿಗೆ ಸಿಕ್ಕ ಒಂದೇ ಒಂದು "ಒಮ್ಮೆ" ಅಂದರೆ ಹೊಟ್ಟೆ ತುಂಬಿದ ಆ ಕಡಲೆಕಾಯಿ ರಾತ್ರಿ. ದೇವರಿಗೆ ಹಸಿವು ಅಪರೂಪ, ಇವರಿಗೆ ತುಂಬಿದ ಹೊಟ್ಟೆ ಅಪರೂಪ. ವಚನವನ್ನು ತಿರುಗಿಸಿ ಹಿಡಿದ ಹಾಗೆ ಕಥೆ ನಿಲ್ಲುತ್ತದೆ. ಅದಕ್ಕೇ ಆ ಕಳ್ಳತನ ಓದುವವರಿಗೆ ಅಪರಾಧ ಅನಿಸದೆ ಹಬ್ಬ ಅನಿಸುತ್ತದೆ.'

ಗಮನಿಸಿ. ಇಲ್ಲಿ ಕಥೆ ಹೇಳಿದ್ದು ಒಂದೆರಡು ವಾಕ್ಯ ಮಾತ್ರ. ಉಳಿದದ್ದೆಲ್ಲ ಯೋಚನೆ. ಇಡೀ ಪ್ಯಾರಾ ನಿಂತಿರುವುದು ಸಾಲಿನ ಒಂದೇ ಮಾತಿನ ಮೇಲೆ. ಇಡೀ ಸಾಲನ್ನು ಮತ್ತೆ ಮತ್ತೆ ಬರೆಯಬೇಡಿ. ಒಮ್ಮೆ ಪೂರ್ತಿ ಕೊಟ್ಟ ಮೇಲೆ ತುಣುಕು ಸಾಕು.

ಪ್ಯಾರಾಗಳ ಕ್ರಮಕ್ಕೆ ನನ್ನ ರೂಢಿ ಹೀಗೆ: ಹೊಂದುವ ಜಾಗಗಳು ಮೊದಲು, ಬೇಗ ಮುಗಿಸಿ. ಎದುರು ಹೋಗುವ ಜಾಗಗಳು ಆಮೇಲೆ, ನಿಧಾನವಾಗಿ. ಹೊಂದುವ ಭಾಗಕ್ಕೇ ಮುಕ್ಕಾಲು ಪುಟಗಳು ಹೋದವು ಅಂದರೆ ಪ್ರಬಂಧ ತಲೆಕೆಳಗಾಗಿದೆ ಅಂತ ತಿಳಿಯಿರಿ.

ಹಂತ 7: ಕೃತಿ ತಿರುಗಿ ಮಾತಾಡಲಿ

ಮೇಲಿನ ಆರು ಹಂತ ಚೆನ್ನಾಗಿ ಮಾಡಿದವರೂ ಇಲ್ಲಿಗೆ ಬಂದು ಹೆದರುತ್ತಾರೆ. 'ಶರಣರ ಮಾತಿಗೆ ಎದುರು ಬರೆದರೆ ಮಾಸ್ತರು ಏನಂದಾರು?' ಎಂಬ ಅಂಜಿಕೆ. ನಮ್ಮ ಭಾಗದಲ್ಲಿ ಈ ಅಂಜಿಕೆ ಸಹಜ. ಈ ಮಾತುಗಳನ್ನು ಪೂಜೆಯ ಹಾಗೆ ಕೇಳಿ ಬೆಳೆದವರು ನಾವು. ಆದರೆ ದೇವರಿಗೇ 'ನೀನೊಮ್ಮೆ ಮೈ ತಾಳಿ ನೋಡು' ಅಂದವನ ಮಾತಿಗೆ ಇನ್ನೊಂದು ಮಾತು ಸೇರಿಸಿದರೆ ಅದು ಅಗೌರವ ಹೇಗಾಗುತ್ತದೆ? ಅವನ ದಾರಿಯಲ್ಲೇ ನಾಲ್ಕು ಹೆಜ್ಜೆ ಮುಂದೆ ಹೋದ ಹಾಗೆ ಅದು.

ಸರಿ, 'ಒಡಲಾಳ' ಏನು ತಿರುಗಿ ಹೇಳುತ್ತದೆ? ನನಗೆ ಕಂಡದ್ದನ್ನು ಹೇಳುತ್ತೇನೆ. ನಿಮಗೆ ಬೇರೆ ಕಂಡರೆ ಅದನ್ನೇ ಬರೆಯಿರಿ.

ವಚನಕ್ಕೆ ಒಬ್ಬ ಕೇಳುಗ ಇದ್ದಾನೆ. ರಾಮನಾಥ ಉತ್ತರ ಕೊಡದೆ ಇರಬಹುದು, ಆದರೆ ಅವನು ಇದ್ದಾನೆ ಎಂಬ ಭರವಸೆ ದಾಸಿಮಯ್ಯನಿಗಿದೆ. ಆ ಭರವಸೆ ಇರುವುದರಿಂದಲೇ ಸವಾಲು ಹಾಕಲು ಆಗುತ್ತದೆ. ಸಾಕವ್ವನ ಮನೆಯವರು ಬೇಡಿಕೊಳ್ಳಬೇಕಾದವರು ಯಾರು? ಸಾಹುಕಾರ, ಪೊಲೀಸರು. ಇವರಿಗೆ 'ನನ್ನಂತೆ ಒಡಲುಗೊಂಡು ನೋಡು' ಅನ್ನಲು ಹೇಗೆ ಸಾಧ್ಯ? ಅವರಿಗೆ ಈಗಾಗಲೇ ಒಡಲಿದೆ. ಹಸಿವು ಏನು ಅಂತ ಅವರಿಗೂ ಗೊತ್ತು. ಗೊತ್ತಿದ್ದೂ ಜರಿಯುತ್ತಾರೆ. ಹಂತ 2ರಲ್ಲಿ ನೆನಪಿಡಿ ಅಂದಿದ್ದ ನಂಬಿಕೆ ಇಲ್ಲಿ ಅಲುಗಾಡುತ್ತದೆ. ಮೈ ಇದ್ದರೆ ಅರ್ಥ ಆಗುತ್ತದೆ ಅಂತ ವಚನ ನಂಬಿತ್ತು. ಕಥೆ ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುತ್ತದೆ. ಮೈ ಒಂದೇ ಸಾಲದು, ಆ ಮೈಯನ್ನು ಜಾತಿ ಎಲ್ಲಿ ಇರಿಸಿದೆ, ದುಡ್ಡು ಎಲ್ಲಿ ಇರಿಸಿದೆ ಅನ್ನುವುದೂ ಸೇರಬೇಕು ಅನ್ನುತ್ತದೆ.

ಇನ್ನು ಆ ನವಿಲು. ಪುಟ್ಟಗೌರಿಯ ನವಿಲು ಹಸಿವಿನ ಲೆಕ್ಕಕ್ಕೆ ಬರುವುದಿಲ್ಲ, ಸುಳ್ಳಿನ ಲೆಕ್ಕಕ್ಕೂ ಬರುವುದಿಲ್ಲ. ಪೊಲೀಸರು ಹುಡುಕುವುದು ಕಡಲೆಕಾಯಿ. ಆ ಮನೆಯಲ್ಲಿ ಅವರಿಗೆ ಸಿಗುವುದು ಚಿತ್ರ. ಒಡಲುಗೊಂಡವರು ಹಸಿಯುತ್ತಾರೆ, ಹುಸಿಯುತ್ತಾರೆ, ಜೊತೆಗೆ ಬಿಡಿಸುತ್ತಾರೆ ಕೂಡ. ಈ ಮೂರನೆಯದನ್ನು ಕಥೆ ವಚನಕ್ಕೆ ಸೇರಿಸಿ ಕೊಡುತ್ತದೆ. ಹಸಿದವರನ್ನು ಬರೀ ಹಸಿದವರನ್ನಾಗಿ ನೋಡುವುದೂ ಒಂದು ಬಗೆಯ ಜರಿಯುವಿಕೆ ಅಂತ ನನಗೆ ಹೊಳೆದದ್ದು ಈ ನವಿಲಿನಿಂದ. ಕರುಣೆಯಿಂದ ನೋಡಿದರೂ ಅದು ಜರಿಯುವಿಕೆಯೇ.

ಇಷ್ಟಾದ ಮೇಲೆ ವಚನಕ್ಕೆ ವಾಪಸ್ ಹೋಗಿ ಒಮ್ಮೆ ಓದಿ. ಈಗ 'ನೀನು' ಅಂದರೆ ಯಾರು? ರಾಮನಾಥ ಮಾತ್ರವೇ? ಹೊಟ್ಟೆ ತುಂಬಿಸಿಕೊಂಡು, ಮಂಚದ ಮೇಲೆ ಒರಗಿ ಈ ಕಥೆ ಓದಿದ ನಾವೂ ಅಲ್ಲವೇ? ಸಾಲು ಕೃತಿಯನ್ನು ಬದಲಾಯಿಸಿದ ಹಾಗೆ ಕೃತಿಯೂ ಸಾಲನ್ನು ಬದಲಾಯಿಸಬೇಕು. ಬದಲಾಯಿಸಿತಾ ಅಂತ ಒಂದು ಪ್ಯಾರಾದಲ್ಲಿ ತೋರಿಸಿ. ಪ್ರಬಂಧವನ್ನು ಅಲ್ಲಿಗೇ ನಿಲ್ಲಿಸಬಹುದು. 'ಒಟ್ಟಿನಲ್ಲಿ ಹೇಳುವುದಾದರೆ' ಅಂತ ಇನ್ನೊಂದು ಪ್ಯಾರಾ ಬೇಡ.

ಹಂತ 8: ಬರೆಯುವಾಗಿನ ಸಣ್ಣಪುಟ್ಟ ಸಂಗತಿಗಳು

ಶುರುವಿನಲ್ಲಿ ವಚನಕಾರನ ಜೀವನಚರಿತ್ರೆ ಬೇಡ. ಊರು, ಅಂಕಿತ, ಒಂದು ವಾಕ್ಯ ಸಾಕು. ಲೇಖಕರಿಗೆ ಬಂದ ಪ್ರಶಸ್ತಿಗಳ ಪಟ್ಟಿಯೂ ಬೇಡ.

ಕೃತಿಯ ಮಾತು ನೆನಪಿದ್ದಷ್ಟು ಮಾತ್ರ ಉದ್ಧರಣ ಚಿಹ್ನೆಯೊಳಗೆ ಹಾಕಿ. ಪರೀಕ್ಷೆಯ ಭಯದಲ್ಲಿ ಅಂದಾಜಿಗೆ ಬರೆದು ಚಿಹ್ನೆ ಹಾಕುವವರಿದ್ದಾರೆ. ಅದು ಲೇಖಕರಿಗೆ ಮಾಡುವ ಅನ್ಯಾಯ. ನೆನಪಿಲ್ಲದಿದ್ದರೆ ನಿಮ್ಮ ಮಾತಿನಲ್ಲಿ ಸನ್ನಿವೇಶ ಹೇಳಿ, ಅದಕ್ಕೂ ಅಂಕ ಇದೆ.

ವಿಮರ್ಶಕರ ಮಾತು ಸೇರಿಸಬೇಕೇ? ಒಂದಿದ್ದರೆ ಒಳ್ಳೆಯದು. ನಿಮ್ಮ ನಿಲುವು ಕಟ್ಟಿದ ಮೇಲೆ ಓದಿ ಸೇರಿಸಿ. ಮೊದಲೇ ಓದಿದರೆ ಅವರ ನಿಲುವೇ ನಿಮ್ಮ ನಿಲುವಾಗುತ್ತದೆ.

ಪರೀಕ್ಷೆಯಲ್ಲಿ ಈ ಉತ್ತರಕ್ಕೆ ನಲವತ್ತು ನಿಮಿಷ ಇದೆ ಅಂತಿಟ್ಟುಕೊಳ್ಳಿ. ಮೊದಲ ಹತ್ತು ನಿಮಿಷ ಏನೂ ಬರೆಯದೆ ಸಾಲು ಬಿಡಿಸಲು, ನಿಲುವು ಕಟ್ಟಲು ಕೊಡಿ. ಪಕ್ಕದವರು ಆಗಲೇ ಪುಟ ತಿರುವುತ್ತಿರುತ್ತಾರೆ, ಹೆದರಬೇಡಿ. ಇಪ್ಪತ್ತೈದು ನಿಮಿಷ ಬರೆಯಲು. ಉಳಿದ ಐದು ನಿಮಿಷದಲ್ಲಿ ಒಂದೇ ಕೆಲಸ: ಪ್ರತಿ ಪ್ಯಾರಾದಲ್ಲೂ ಸಾಲಿನ ಒಂದು ತುಣುಕು ಇದೆಯಾ ನೋಡಿ. ಇಲ್ಲದ ಪ್ಯಾರಾಕ್ಕೆ ಒಂದು ವಾಕ್ಯ ಸೇರಿಸಿ.

ಅಭ್ಯಾಸಕ್ಕೆ ಕೆಲವು ಜೋಡಿಗಳು

ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಜನರ ಬಾಯಿಮಾತು ಅದರಲ್ಲಿ ಹಾಗೇ ಇದೆ. ಅದನ್ನು ಬಸವಣ್ಣನ 'ಏನ ಬಂದಿರಿ, ಹದುಳವಿದ್ದಿರೆ ಎಂದರೆ ನಿಮ್ಮ ಮೈಸಿರಿ ಹಾರಿ ಹೋಹುದೆ?' ಎಂಬ ಸಾಲು ಇಟ್ಟುಕೊಂಡು ಓದಿ. ಮನೆಗೆ ಬಂದವರನ್ನು ಮಾತಾಡಿಸುವ ಸಣ್ಣ ಸಂಗತಿಯಿಂದ ಶುರುವಾಗುವ ವಚನ ಅದು. ಕಾದಂಬರಿಯಲ್ಲಿ ಯಾರು ಯಾರ ಮನೆಗೆ ಹೋಗಬಹುದು, ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಯಾರಿಗೆ ಕೂರಲು ಹೇಳುತ್ತಾರೆ ಅನ್ನುವುದನ್ನು ಮಾತ್ರ ಗುರುತು ಹಾಕುತ್ತಾ ಹೋಗಿ. ಎರಡನೇ ಓದಿನಲ್ಲಿ ಇಷ್ಟೇ ಮಾಡಿದರೂ ಕೈ ತುಂಬ ಸಿಗುತ್ತದೆ.

ಆಯ್ದಕ್ಕಿ ಲಕ್ಕಮ್ಮನ 'ಈಸಕ್ಕಿಯಾಸೆ ನಿಮಗೇಕೆ?' ಎಂಬ ಸಾಲನ್ನು, ಗಂಡ ಹೆಂಡತಿ ದುಡ್ಡಿನ ಬಗ್ಗೆ ಮಾತಾಡುವ ಯಾವುದೇ ಸಣ್ಣಕಥೆಗೆ ಹಿಡಿದು ನೋಡಿ. ಹೆಂಡತಿ ಗಂಡನಿಗೆ ಹೇಳುತ್ತಿರುವ ಮಾತದು. ಅದು ಮರೆತರೆ ಇಡೀ ಓದು ತಪ್ಪುತ್ತದೆ.

'ಕುರಿತೋದದೆಯುಂ' ಪದ್ಯಕ್ಕೆ ನಿಮ್ಮ ಊರಿನಲ್ಲಿ ಈಗಲೂ ಹಾಡುವ ಒಂದು ತತ್ವಪದವೋ ಮೊಹರಂ ಪದವೋ ಹುಡುಕಿ. ಅಚ್ಚಾಗದೆ ಇದ್ದರೆ ಇನ್ನೂ ಒಳ್ಳೆಯದು. ಹಾಡುವವರ ಎದುರು ಕೂತು ಬರೆದುಕೊಳ್ಳಿ. ಕೇಳಲು ಬಂದ ಇಬ್ಬರನ್ನಾದರೂ ಅದರ ಅರ್ಥ ಏನು ಅಂತ ಕೇಳಿ. ಅವರು ಹೇಳಿದ್ದನ್ನೂ ಪ್ರಬಂಧದಲ್ಲಿ ಸೇರಿಸಿ.